ಹಳೆಯ ಹಾಯಿದೋಣಿಗೆ ದಾರಿ ತೋರುವವರು ಯಾರು?

ಹಲಸೂರು ಕೆರೆಯ ದಂಡೆಯಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದ: ‘ಸಾರ್, ಹಳೆಯ ಹಾಯಿದೋಣಿಯಲ್ಲಿ ಕರಾವಳಿಗುಂಟ ಹೋಗಲು ಜಿಪಿಎಸ್ ಒಂದೇ ಸಾಲದೇ?’

ಸಾಲದು. ಅದು ನಡೆಯುವುದು ಬ್ಯಾಟರಿಯಿಂದ. ಹಳೆಯ ದೋಣಿಯ ತಂತಿಗಳನ್ನು ಉಪ್ಪುನೀರು ತಿನ್ನುತ್ತದೆ. ಆದ್ದರಿಂದ ಮೊದಲು ದಿಕ್ಸೂಚಿ, ಕಾಗದದ ನಕ್ಷೆ, ಆಳ ನೋಡಲು ಸೀಸದ ಗುಂಡು ಕಟ್ಟಿದ ಹಗ್ಗ, ಅನಂತರ ಜಿಪಿಎಸ್.

ಉಡುಪಿಯ ಕಡಲಲ್ಲಿದ್ದೀರಿ ಎನ್ನಿ. 1901ರ ಕಾಪು ದೀಪಸ್ತಂಭ ಯಾವ ದಿಕ್ಕಿಗಿದೆಯೆಂದು ದಿಕ್ಸೂಚಿಯಲ್ಲಿ ನೋಡಿ, ನಕ್ಷೆಯಲ್ಲಿ ಗೆರೆ ಎಳೆಯಿರಿ. ದಡದ ಇನ್ನೊಂದು ಗುರುತಿಗೂ ಹಾಗೆಯೇ. ಗೆರೆಗಳು ಕೂಡಿದಲ್ಲಿ ನಿಮ್ಮ ದೋಣಿ! ಆದರೆ ದಿಕ್ಕು 1 ಡಿಗ್ರಿ ತಪ್ಪಿದರೂ 60 ಕಿ.ಮೀ. ಸಾಗುವಷ್ಟರಲ್ಲಿ ದೋಣಿ ಸುಮಾರು 1 ಕಿ.ಮೀ. ಪಕ್ಕಕ್ಕೆ ಸರಿದಿರುತ್ತದೆ.

ಹುಡುಗ ದಿಕ್ಸೂಚಿಯ ಪಕ್ಕದಲ್ಲೇ ಮೊಬೈಲ್ ಹಿಡಿದಿದ್ದ; ಅದರ ಅಯಸ್ಕಾಂತಕ್ಕೆ ಮುಳ್ಳು ಸರಿದಿತ್ತು. ದೂರವಿಟ್ಟೊಡನೆ ಉತ್ತರಕ್ಕೆ ತಿರುಗಿತು. ಪೋಷಕರೇ, ಮಕ್ಕಳಿಗೊಂದು ದಿಕ್ಸೂಚಿ ಕೊಡಿಸಿ. ಕೆರೆಯಲ್ಲಿ ಕಲಿತದ್ದು ಕಡಲಲ್ಲಿ ಕಾಯುತ್ತದೆ.