ಚಡ್ಡಿ ಮತ್ತೆ ಒದ್ದೆಯಾಗ್ತಿದ್ರೆ ಮೊದಲು ಯಾವ ಪ್ರಶ್ನೆ ಕೇಳಬೇಕು?

ಬಸ್ಸಿನಲ್ಲಿ ಕೂತು ಕೇಳ್ತಿದ್ರೆ ಇಯರ್‌ಫೋನ್ ಹಾಕ್ಕೊಳ್ಳಿ, ಇವತ್ತಿನ ಮಾತು ಪೂರ್ತಿ ಉಚ್ಚೆ ಬಗ್ಗೆ.

ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದರೆ ನಮ್ಮಕ್ಕ ಎರಡನೇ ಬಾಣಂತನಕ್ಕೆ ರಾಯಬಾಗಕ್ಕೆ ಬಂದಿದ್ದಾಳೆ, ಜೊತೆಗೆ ಮೂರೂವರೆ ವರ್ಷದ ದೊಡ್ಡ ಮಗ. ಆರು ತಿಂಗಳಿಂದ "ಒಂದಕ್ಕ ಬಂತು" ಅಂತ ತಾನೇ ಹೇಳ್ತಿದ್ದ ಹುಡುಗ. ಇಲ್ಲಿಗೆ ಬಂದ ಎರಡನೇ ವಾರದಿಂದ ದಿನಕ್ಕೆ ಮೂರು ಚಡ್ಡಿ ಒದ್ದೆ. ಒಂದಿನ ನೆರೆಮನೆಯವರ ಮುಂದೆಯೇ ನಮ್ಮವ್ವ, "ಇಷ್ಟ ದೊಡ್ಡಾಂವ ಆಗೀದಿ, ನಾಚಿಕಿ ಬರಂಗಿಲ್ಲೇನ?" ಅಂದ್ಲು. ಹುಡುಗ ಅಳಲಿಲ್ಲ. ಮರುದಿನ ಜೋಳದ ಚೀಲದ ಹಿಂದೆ ಒದ್ದೆ ಚಡ್ಡಿ ಸಿಕ್ತು. ಮುಚ್ಚಿಡೋದನ್ನ ಕಲಿತಿದ್ದ. ನನಗೆ ಚಿಂತೆ ಹತ್ತಿದ್ದು ಆಗ.

ಮನೇಲಿ ಎಲ್ಲರೂ ಹೇಳಿದ್ದು ಒಂದೇ: ಕೂಸು ಬಂತಲ್ಲ, ಹೊಟ್ಟೆಕಿಚ್ಚು. ಇದು ಪೂರ್ತಿ ಸುಳ್ಳಲ್ಲ. ಹೊಸ ಕೂಸು, ಹೊಸ ಮನೆ, ಹೊಸ ಅಂಗನವಾಡಿ, ಯಾವುದೇ ದೊಡ್ಡ ಬದಲಾವಣೆಗೆ ಮಕ್ಕಳು ಒಂದು ಹೆಜ್ಜೆ ಹಿಂದೆ ಹೋಗ್ತಾರೆ. ಆಟದಲ್ಲಿ ಮುಳುಗಿದಾಗ ಹೊಟ್ಟೆ ಕೊಡೋ ಸೂಚನೆ ಗೊತ್ತಾಗೋದೂ ಕಡೆಗೇ. ಬೇಕಂತ ಮಾಡೋದಲ್ಲ.

ಆದರೆ ಡಾಕ್ಟರ್ ಕೇಳಿದ್ದು ಬೇರೆ ಪ್ರಶ್ನೆ: "ಎರಡಕ್ಕೆ ದಿನಾ ಹೋಗ್ತಾನಾ?" ನಾವು ಮುಖ ಮುಖ ನೋಡಿಕೊಂಡ್ವಿ. ನೆನಪು ಮಾಡಿಕೊಂಡ್ರೆ ನಾಲ್ಕು ದಿನ ಆಗಿತ್ತು. ನಮ್ಮ ಸಂಡಾಸ ಹಿತ್ತಲಲ್ಲಿದೆ, ಕತ್ತಲು. ಅವನ ಊರಿನ ಮನೇಲಿ ಪುಟ್ಟ ಪಾಟ್ ಇತ್ತು. ಹೆದರಿಕೊಂಡು ತಡೆದಿದ್ದ. ಮೂತ್ರಕೋಶದ ಹಿಂದೆಯೇ ಮಲ ಸೇರೋ ಜಾಗ ಇರೋದು. ಅಲ್ಲಿ ಗಟ್ಟಿಯಾಗಿ ತುಂಬಿದ್ರೆ ಮೂತ್ರಕೋಶವನ್ನ ಒತ್ತುತ್ತೆ, ಹಿಡಿಯೋ ಜಾಗ ಕಮ್ಮಿ ಆಗುತ್ತೆ, ಇದ್ದಕ್ಕಿದ್ದಂತೆ ಸೋರುತ್ತೆ. ಅಂದ್ರೆ ನಾವು ಬೈತಿದ್ದದ್ದು ಅವನ ಮಲಬದ್ಧತೆಗೆ!

ಡಾಕ್ಟರ್ ಮಲ ಮೆತ್ತಗಾಗೋ ಔಷಧಿ ಕೊಟ್ರು, ಸರಿಹೋಗೋಕೆ ವಾರಗಟ್ಟಲೆ ಬೇಕು ಅಂದ್ರು. ಪಪ್ಪಾಯಿ, ಸೊಪ್ಪಿನ ಪಲ್ಯ ಜಾಸ್ತಿ ಮಾಡಿದ್ವಿ. ಊಟ ಆದ ಮೇಲೆ ಐದು ನಿಮಿಷ ಪಾಟ್ ಮೇಲೆ ಕೂರಿಸ್ತೀವಿ. ಕಾಲು ತೇಲಾಡಬಾರದು, ಕೆಳಗೊಂದು ಮಣೆ. ಎರಡು ತಾಸಿಗೊಮ್ಮೆ "ಬಂತಾ?" ಅಂತ ಕೇಳೋದಿಲ್ಲ, ಕೇಳಿದ್ರೆ ಉತ್ತರ ಯಾವಾಗಲೂ "ಇಲ್ಲ". "ನಡಿ, ಹೋಗಿ ಬರೂಣು" ಅಂತೀವಿ. ಅಂಗನವಾಡಿಗೆ ಚೀಲದಲ್ಲಿ ಇನ್ನೊಂದು ಚಡ್ಡಿ, ಟೀಚರ್‌ಗೆ ಮೊದಲೇ ಒಂದು ಮಾತು.

ನೀರು ಕಡಿಮೆ ಮಾಡೋ ಐಡಿಯಾ ನಮ್ಮವ್ವನದ್ದು. ಬೇಡವೇ ಬೇಡ. ನಮ್ಮ ಕಡೆ ಬೇಸಿಗೆ ಹೇಗಿರುತ್ತೆ ಗೊತ್ತಲ್ಲ. ನೀರು ಕಮ್ಮಿಯಾದ್ರೆ ಮಲ ಇನ್ನೂ ಗಟ್ಟಿ, ಉಚ್ಚೆ ಮಂದವಾಗಿ ಉರಿ ಬೇರೆ.

ರಾತ್ರಿ ಹಾಸಿಗೆ ಒದ್ದೆಯಾಗೋದು ಬೇರೆ ಲೆಕ್ಕ. 5 ವರ್ಷ ತುಂಬೋವರೆಗೆ ಅದನ್ನ ವೈದ್ಯರು ತೊಂದರೆ ಅಂತ ಎಣಿಸೋದಿಲ್ಲ. 5 ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಂದಿಗೆ ಅದು ಇದ್ದೇ ಇರುತ್ತೆ.

ಆದರೆ ಕೆಲವು ಗುರುತು ಕಂಡ್ರೆ ಕಾಯಬೇಡಿ. ಉಚ್ಚೆ ಮಾಡುವಾಗ ಅಳೋದು, ಜ್ವರ, ರಕ್ತ, ನಡಿಗೆಯಲ್ಲಿ ಬದಲಾವಣೆ ಇದ್ರೆ ತಾಲೂಕು ಆಸ್ಪತ್ರೆಗೆ ಹೋಗಿ. ವಿಪರೀತ ಬಾಯಾರಿಕೆ, ಪದೇ ಪದೇ ಉಚ್ಚೆ, ತೂಕ ಇಳಿಯೋದು, ಮೂರೂ ಸೇರಿದ್ರೆ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಿ, ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತೆ.

ನಮ್ಮ ಹುಡುಗ ಪೂರ್ತಿ ಸರಿಹೋಗಿಲ್ಲ, ಎರಡು ದಿನಕ್ಕೊಮ್ಮೆ ಒದ್ದೆ ಆಗುತ್ತೆ. ನಮ್ಮವ್ವ ಈಗ ಸುಮ್ಮನೆ ಬೇರೆ ಚಡ್ಡಿ ಹಾಕ್ತಾಳೆ. ನಿನ್ನೆ ನಾನು ರೆಕಾರ್ಡ್ ಮಾಡ್ತಾ ಕೂತಿದ್ದೆ, ಬಾಗಿಲು ತಳ್ಳಿ ಬಂದು ಮೈಕ್ ಮುಂದೆಯೇ ಜೋರಾಗಿ ಹೇಳಿದ: "ಮಾಮಾ, ಚಡ್ಡಿ ತೊಯ್ದೈತಿ!"