ಎರಡು ಡಿಸ್ಕ್‌ಗಳಿದ್ದೂ ಕಂಪ್ಯೂಟರ್ ಆರಂಭವಾಗದಿದ್ದರೆ

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು ತಾವೇ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆಗಳು ಒಮ್ಮೆ ಅಳಿದರೆ ಹೊರಗೆ ಎಲ್ಲಿಯೂ ದೊರೆಯಲಾರವು. ಇಂತಹ ಕಡತಗಳ ರಕ್ಷಣೆಗಾಗಿ ಒಂದೇ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್‌ಗಳನ್ನಿರಿಸಿ, ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿಯೂ ಬರೆಯಿಸುವ ವ್ಯವಸ್ಥೆಯಿದೆ. ಇದಕ್ಕೆ ರೇಡ್-1 ಎಂದು ಹೆಸರು. ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುತ್ತದೆ. ಆದರೆ ಮಾಹಿತಿ ಉಳಿದಿದ್ದೂ ಕಂಪ್ಯೂಟರ್ ಆರಂಭವಾಗದಿರುವುದುಂಟು. ಆಗ ಎಲ್ಲವೂ ಹೋಯಿತೆಂದು ಭಾವಿಸಿ ಫಾರ್ಮ್ಯಾಟ್ ಮಾಡಿದರೆ, ಉಳಿದದ್ದೂ ಹೋಗುತ್ತದೆ.

ಕಾರಣವೇನು?

ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಜೋಡಿಯಾಗುವುದು ಎರಡೂ ಡಿಸ್ಕ್‌ಗಳ ಆಯ್ದ ವಿಭಾಗಗಳು ಮಾತ್ರ. ಯಂತ್ರವನ್ನು ಆರಂಭಿಸುವ ಗ್ರಬ್ ತಂತ್ರಾಂಶದ ಮೊದಲ ತುಣುಕು ಆ ಜೋಡಿಯ ಹೊರಗಿರುತ್ತದೆ. ಹಳೆಯ ಬಯೋಸ್ ಯಂತ್ರಗಳಲ್ಲಿ ಅದರ ಸ್ಥಾನ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ. ಯುಇಎಫ್‌ಐ ಯಂತ್ರಗಳಲ್ಲಿ ಇಎಫ್‌ಐ ಎಂಬ ಪ್ರತ್ಯೇಕ ವಿಭಾಗದಲ್ಲಿ. ಗ್ರಬ್ ಅನ್ನು ಮೊದಲನೆಯ ಡಿಸ್ಕಿಗಷ್ಟೇ ಹಾಕಿದ್ದು ಅದೇ ಡಿಸ್ಕ್ ಕೆಟ್ಟರೆ, ಎರಡನೆಯದರಲ್ಲಿ ಮಾಹಿತಿ ಭದ್ರವಾಗಿದ್ದೂ ಯಂತ್ರ ಆರಂಭವಾಗದು. ಮನೆ ಗಟ್ಟಿಯಾಗಿಯೇ ಇದೆ, ಬೀಗದ ಕೈ ಮಾತ್ರ ಕಳೆದಿದೆ.

ಅನುಸರಿಸಬೇಕಾದ ಕ್ರಮ

ಮೊದಲು ಬಯೋಸ್ ಸೆಟ್ಟಿಂಗ್ ತೆರೆದು ಎರಡೂ ಡಿಸ್ಕ್‌ಗಳು ಕಾಣುತ್ತಿವೆಯೇ ಎಂದು ನೋಡೋಣ. ಒಂದು ಕಾಣದಿದ್ದರೆ ಯಂತ್ರವನ್ನು ಆರಿಸಿ, ವಿದ್ಯುತ್ ಸಂಪರ್ಕ ತೆಗೆದು, ಕೇಬಲ್ ಸಡಿಲವಾಗಿದೆಯೇ ಎಂದು ಪರೀಕ್ಷಿಸಬೇಕು. ಬಳಿಕ ಎರಡನೆಯ ಡಿಸ್ಕಿನಿಂದ ಆರಂಭವಾಗುವಂತೆ ಕ್ರಮ ಬದಲಿಸಿ ನೋಡಬೇಕು.

ಯಂತ್ರ ಆರಂಭವಾದರೆ ಎಂಡಿಸ್ಟ್ಯಾಟ್ ಎಂಬ ಕಡತವನ್ನು ಓದಬೇಕು. ಆವರಣದೊಳಗೆ ಇಂಗ್ಲಿಷಿನ ಯು ಅಕ್ಷರ ಎರಡು ಬಾರಿ ಇದ್ದರೆ ಜೋಡಿ ಸುಸ್ಥಿತಿಯಲ್ಲಿದೆ. ಒಂದರ ಸ್ಥಾನದಲ್ಲಿ ಅಡಿಗೆರೆಯಿದ್ದರೆ ಒಂದು ಡಿಸ್ಕ್ ಜೋಡಿಯಿಂದ ಹೊರಬಿದ್ದಿದೆ.

ಆರಂಭವಾಗದಿದ್ದರೆ ಉಬುಂಟು ಇರುವ ಪೆನ್‌ಡ್ರೈವ್‌ನಿಂದ ಯಂತ್ರವನ್ನು ನಡೆಸಿ, ಎಂಡಿಅಡ್ಮ್ ಉಪಕರಣದ ಮೂಲಕ ಉಳಿದ ಡಿಸ್ಕಿನ ವಿಭಾಗಗಳನ್ನು ತೆರೆಯಬಹುದು. ಆಗ ಮಾಡಬೇಕಾದ ಮೊದಲ ಕೆಲಸ ದುರಸ್ತಿಯಲ್ಲ, ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲಿಸುವುದು. ಅನಂತರವೇ ಗ್ರಬ್ ಅನ್ನು ಮರುಸ್ಥಾಪಿಸಬೇಕು. ಯುಇಎಫ್‌ಐ ಯಂತ್ರವಾದರೆ ಆ ಡಿಸ್ಕಿನಲ್ಲಿಯೂ ಇಎಫ್‌ಐ ವಿಭಾಗವಿರಬೇಕು.

ಹೊಸ ಡಿಸ್ಕ್ ಸೇರಿಸಿದಾಗ

ಕೆಟ್ಟದ್ದರ ಬದಲಿಗೆ ಹಾಕುವ ಡಿಸ್ಕಿನ ಗಾತ್ರ ಉಳಿದುದಕ್ಕಿಂತ ಕಡಿಮೆಯಿರಬಾರದು. ಜೋಡಿಗೆ ಸೇರಿಸಿದೊಡನೆ ಮಾಹಿತಿ ತಾನಾಗಿ ನಕಲಾಗುತ್ತದೆ. ಗ್ರಬ್ ಹಾಗೆ ನಕಲಾಗುವುದಿಲ್ಲ. ಅದನ್ನು ಹೊಸ ಡಿಸ್ಕಿಗೂ ಹಾಕಿಸಲೇಬೇಕು. ಈ ಹಂತ ತಪ್ಪಿದರೆ ಇದೇ ತೊಂದರೆ ಮತ್ತೊಮ್ಮೆ ಎದುರಾಗುತ್ತದೆ. ಆದುದರಿಂದ ದುರಸ್ತಿ ಮಾಡಿದವರನ್ನು ‘ಎರಡೂ ಡಿಸ್ಕ್‌ಗಳಿಂದ ಆರಂಭವಾಗುತ್ತದೆಯೇ?’ ಎಂದು ಕೇಳಿ, ಕಣ್ಣೆದುರೇ ಪರೀಕ್ಷಿಸಿಕೊಳ್ಳುವುದು ಒಳಿತು.

ಕೊನೆಗೊಂದು ಮಾತು. ಜೋಡಿ ಡಿಸ್ಕ್ ಬ್ಯಾಕಪ್ ಅಲ್ಲ. ಕೈತಪ್ಪಿ ಅಳಿಸಿದ ಕಡತ ಎರಡರಿಂದಲೂ ಅದೇ ಕ್ಷಣದಲ್ಲಿ ಅಳಿಯುತ್ತದೆ; ವೈರಸ್ ಕೆಡಿಸಿದ್ದೂ ಎರಡರಲ್ಲಿಯೂ ಕೆಡುತ್ತದೆ. ಮಕ್ಕಳ ಪಾಠಕ್ಕೆ ಬೇಕಾದ ಕಡತಗಳ ಮೂರನೆಯ ಪ್ರತಿಯೊಂದನ್ನು ಆ ಕಂಪ್ಯೂಟರಿನ ಹೊರಗೆ ಇರಿಸಿಕೊಳ್ಳೋಣ.