ದೆಹಲಿಯಿಂದ ಊರಿಗೆ ಎಷ್ಟು ದೂರ?

ದೆಹಲಿಗೂ ಬೆಂಗಳೂರಿಗೂ ಎಷ್ಟು ದೂರವೆಂದು ಮಕ್ಕಳು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವಂತಿಲ್ಲ. ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 1740 ಕಿಲೋಮೀಟರು. ರೈಲು ಹಳಿಯ ಮೇಲೆ ಸುಮಾರು 2400. ಲಂಡನ್ನಿನಿಂದ ರೋಮಿಗೆ ನೇರವಾಗಿ ಅಳೆದರೆ 1430 ಕಿಲೋಮೀಟರಿನಷ್ಟೇ! ಅಲ್ಲಿಯವರು ಅಷ್ಟರಲ್ಲಿಯೇ ದೇಶದ ಗಡಿಗಳನ್ನು ದಾಟಿರುತ್ತಾರೆ. ನಾವು ಅದಕ್ಕೂ ಹೆಚ್ಚು ದೂರ ಹೋಗಿಯೂ ಸ್ವದೇಶದಲ್ಲಿಯೇ ಇರುತ್ತೇವೆ.

ಆದರೆ ಸಂಸಾರಸ್ಥರು ದೂರವನ್ನು ಅಳೆಯುವುದು ಗಂಟೆಗಳಿಂದ. ಹಿಂದಿನ ತಲೆಮಾರಿನವರು ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ಸಿನಲ್ಲಿ ಮದರಾಸಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಬೆಂಗಳೂರು ಸೇರುವುದಿತ್ತು. ಗುಂತಕಲ್ಲಿನಿಂದ ಬೆಂಗಳೂರಿಗೆ ಇದ್ದದ್ದು ಮೀಟರ್ ಗೇಜ್ ಹಳಿ. ಉತ್ತರದ ದೊಡ್ಡ ಗಾಡಿ ಅದರ ಮೇಲೆ ಓಡುವಂತಿರಲಿಲ್ಲ. ಆ ಹಳಿ ಅಗಲವಾದದ್ದು 1980ರ ದಶಕದಲ್ಲಿ. ಅದಕ್ಕೆ ಮುಂಚೆ ಬಂದ ಕರ್ನಾಟಕ–ಕೇರಳ ಎಕ್ಸ್‌ಪ್ರೆಸ್ ಜೋಲಾರಪೇಟೆಯವರೆಗೆ ಒಂದಾಗಿ ಓಡಿ, ಅಲ್ಲಿ ಎರಡು ಪಾಲಾಗುತ್ತಿತ್ತು.

ಆ ಕಾಲದಲ್ಲಿ “ತಂದೆಗೆ ತೀರ ಅಸ್ವಸ್ಥ, ಕೂಡಲೆ ಹೊರಡು” ಎಂಬ ತಂತಿ ಬಂದರೆ, ಆ ರಾತ್ರಿಯೇ ರೈಲು ಹತ್ತಿದವನೂ ಊರು ಮುಟ್ಟುವಷ್ಟರಲ್ಲಿ ದಿನಗಳೇ ಉರುಳಿರುತ್ತಿದ್ದವು. ಎಷ್ಟೋ ಮಕ್ಕಳಿಗೆ ಹೆತ್ತವರ ಕೊನೆಯ ಮುಖದರ್ಶನ ದೊರೆಯಲಿಲ್ಲ. ತಂತಿಯೂ 2013ರ ಜುಲೈಯಲ್ಲಿ ನಿಂತುಹೋಯಿತು. ಈಗ ಸುದ್ದಿ ಬರುವುದು ಕ್ಷಣದಲ್ಲಿ; ಮನುಷ್ಯನಿಗೆ ಮಾತ್ರ ದಾರಿ ಸವೆಸದೆ ಗತಿಯಿಲ್ಲ.

ಈಗ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಒಂದೂವರೆ ದಿನಕ್ಕಿಂತ ತುಸು ಹೆಚ್ಚು, ರಾಜಧಾನಿಗೆ ಸುಮಾರು 34 ಗಂಟೆ, ವಿಮಾನಕ್ಕೆ ಮೂರು ಗಂಟೆಗೂ ಕಡಿಮೆ. ಆದರೆ ಈ ಮೂರು ಗಂಟೆಯನ್ನು ನಂಬಿ ಲೆಕ್ಕ ಹಾಕಬಾರದು. ನೋಯಿಡಾದ ಮನೆಯಿಂದ ಪಾಲಮ್ಮಿಗೆ ಹೋಗುವ ಹೊತ್ತು, ತಪಾಸಣೆಯ ಸಾಲು, 2008ರಲ್ಲಿ ತೆರೆದ ದೇವನಹಳ್ಳಿ ನಿಲ್ದಾಣದಿಂದ ನಗರಕ್ಕೆ ಸುಮಾರು 35 ಕಿಲೋಮೀಟರು, ಇವೆಲ್ಲ ಸೇರಿದರೆ ಏಳೆಂಟು ಗಂಟೆ ಸಂದಿರುತ್ತದೆ. ಊರು ಶಿರಸಿಯೋ ಕೊಪ್ಪವೋ ಆಗಿದ್ದರೆ ಮುಂದೆ ಒಂದು ರಾತ್ರಿಯ ಬಸ್ಸು. ಡಿಸೆಂಬರ್–ಜನವರಿಯ ದಟ್ಟ ಮಂಜಿನಲ್ಲಂತೂ ರೈಲು, ವಿಮಾನ ಎರಡನ್ನೂ ನೆಚ್ಚುವಂತಿಲ್ಲ.

ಎಲ್ಲ ಕನ್ನಡಿಗರ ಊರೂ ಬೆಂಗಳೂರಲ್ಲವಷ್ಟೆ! ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದ ಕಲಬುರ್ಗಿಯವರು ಬೆಂಗಳೂರಿನವರಿಗಿಂತ ಹತ್ತು ಗಂಟೆಗಳಷ್ಟು ಮೊದಲೇ ಇಳಿದುಕೊಳ್ಳುತ್ತಾರೆ. ಬೆಳಗಾವಿಯವರಿಗೆ ನಿಜಾಮುದ್ದೀನಿನಿಂದ ಗೋವಾ ಎಕ್ಸ್‌ಪ್ರೆಸ್ ಇದೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದ ಮೇಲೆ ಉಡುಪಿ, ಮಂಗಳೂರಿನವರಿಗೆ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಆ ಕರಾವಳಿಯ ದಾರಿಯಲ್ಲಿಯೇ ಒದಗಿದೆ.

ಅವಸರದ ಸುದ್ದಿ ಬಂದಾಗ ಯಾರಿಗೂ ಬುದ್ಧಿ ಓಡುವುದಿಲ್ಲ. ಆದುದರಿಂದ ಊರಿಗೆ ಹತ್ತಿರದ ವಿಮಾನ ನಿಲ್ದಾಣ, ರೈಲು ಇಳಿಯುವ ಸ್ಟೇಷನ್ನು, ಅಲ್ಲಿಂದ ಮುಂದಿನ ಬಸ್ಸಿನ ಹೊತ್ತು, ಊರಿನ ನೆರೆಮನೆಯವರ ದೂರವಾಣಿ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿರಿ. ಮನೆಯ ಮಕ್ಕಳಿಗೂ ಅದನ್ನು ತೋರಿಸಿರಿ.